ಕೂಗಳತೆ

ವಿರಾಜಪೇಟೆ ಕೋರ್ಟಿನ ಕಾಗದ ಹಿಡಿದು ನಾವು ಮೂವರು
ಬಿರುನಾಣಿಯ ಬಾಣೆ ಹತ್ತಿದ್ದು ಪುತ್ತರಿ ಕಳೆದ ವಾರ.
ಮುಂದೆ ಸರ್ವೆಯರ್ ಪದ್ಮನಾಭಯ್ಯ,
ಸರಪಳಿಯ ಆ ತುದಿಗೆ ಮೊಯ್ದು, ಈ ತುದಿಗೆ ನಾನು, ಬೆಳ್ಯಪ್ಪ,
ಮೂವತ್ತೊಂದು ವರ್ಷ ಬಗ್ಗಿ ಕೊಂಡಿ ಎಣಿಸಿದವನು.
ನೂರು ಕೊಂಡಿಗೆ ಒಂದು ಸರಪಳಿ, ಎಂಬತ್ತು ಸರಪಳಿಗೆ ಮೈಲಿ.
ನಿದ್ದೆಯಲ್ಲಿ ತಟ್ಟಿ ಕೇಳಿ, ಹೇಳುತ್ತೇನೆ.

ಕಾಗದದಲ್ಲಿ ಸರಪಳಿ ಇರಲಿಲ್ಲ.
'ಹಲಸಿನ ಬುಡದಿಂದ ಬಡಗಕ್ಕೆ ಒಂದು ಕೂಗಳತೆ,
ಅಲ್ಲಿಗೆ ಮೇಲಿನ ಮನೆಯ ಜಮ್ಮಾ ಬಾಣೆ ಮುಗಿಯಿತು.'
ಅಷ್ಟೇ. ಬರೆದವನ ಕೈ ನಡುಗಿಲ್ಲ.
ಯಾರ ಕೂಗು, ಬೇಸಿಗೆಯದೋ ಕಕ್ಕಡದ ಮಳೆಯದೋ,
ಉಣ್ಣುವ ಮುಂಚೆಯೋ ಉಂಡ ಮೇಲೋ,
ಒಂದೂ ಇಲ್ಲ.

ಮೇಲಿನ ಮನೆಯ ತಮ್ಮಯ್ಯ ಕರೆತಂದಿದ್ದ,
ಹಾಕಿ ಮ್ಯಾಚಿಗೆ ಮೈಕಿಲ್ಲದೆ ಕಾಮೆಂಟರಿ ಹೇಳುವ ಅಳಿಯನನ್ನು.
ಕೆಳಗಿನ ಮನೆಯ ಪಳಂಗಪ್ಪ ಕೇಳಲು ನಿಲ್ಲಿಸಿದ್ದ,
ಬರ್ಮಾದ ಕಾಳಗದಲ್ಲಿ ಎಡಗಿವಿ ಬಿಟ್ಟುಬಂದ ಚಿಕ್ಕಪ್ಪನನ್ನು.
ಅಳಿಯ ಕೂಗಿದ. ಕಾಡುಕೋಳಿಗಳು ಎದ್ದು ಹಾರಿದವು.
ಚಿಕ್ಕಪ್ಪ ಬೀಡಿ ಹಚ್ಚುತ್ತ,
'ಶುರು ಮಾಡುವುದು ಯಾವಾಗ?' ಅಂದರು.

ನಗಬಾರದು. ಸರ್ಕಾರಿ ಕೆಲಸ.
ಪದ್ಮನಾಭಯ್ಯ ಕೊಡೆ ಊರಿ ಬಂಡೆಯ ಮೇಲೆ ಕುಳಿತರು:
'ಎಲ್ಲ ಅಳತೆಯೂ ಮೈಯಿಂದ ಉದುರಿದ್ದೇ, ಬೆಳ್ಯಪ್ಪ.
ಕೈ ಚಾಚಿದರೆ ಮಾರು, ಬೆರಳು ಅಗಲಿಸಿದರೆ ಗೇಣು.
ಮೈಲಿ ಅಂದರೆ ಯಾವುದೋ ದೂರದೇಶದ ಸಿಪಾಯಿಯ ಹೆಜ್ಜೆ,
ಎಡ ಬಲ ಕೂಡಿ ಒಂದು, ಹಾಗೆ ಸಾವಿರ.
ಕ್ರೋಶ ಅಂದರೂ ಕೂಗೇ. ಆಮೇಲೆ ಬಂದವರು
ಕೋಲು ತಂದು ಅಳೆದು ಅದರ ಬಾಯಿ ಮುಚ್ಚಿಸಿದರು.
ಆಕ್ರೋಶ ಮಾತ್ರ ಉಳಿಯಿತು, ನೋಡು'
ಎಂದು ಎರಡೂ ಮನೆಯವರ ಕಡೆ ಗಲ್ಲ ಎತ್ತಿದರು.

ಸೌದೆ ಹೊರೆ ಇಳಿಸಿ ನಿಂತಳು ಎರವರ ಬೊಳಚಿ.
'ನನ್ನವ್ವ ಎರಡೂ ಮನೆಯ ದನ ಕಾದವಳು.
ನಮಗೆ ಸರ್ವೆ ನಂಬರಿಲ್ಲ, ಹಾಗಾಗಿ ಸುಳ್ಳಿಲ್ಲ.
ಕೂಗಿದವರ ಬಾಯಿಗೆ ಅಳತೆ ಇಲ್ಲ ಸ್ವಾಮಿ.
ಆ ಕಡೆಯಿಂದ "ಓ" ಅಂದರೆ ಒಂದು ಕೂಗು,
ಅನ್ನದಿದ್ದರೆ ಬರೀ ಗಾಳಿ.
ಉಪ್ಪು ತೀರಿದರೆ ಇವರ ಅಜ್ಜಿ ಹಲಸಿನಡಿ ನಿಂತು ಕೂಗುತ್ತಿದ್ದರು,
ಅವರ ಅಜ್ಜಿ ಓಗೊಡುತ್ತಿದ್ದರು,
ನನ್ನವ್ವ ಮುಕ್ಕುಡಿಕೆ ಉಪ್ಪು ಹೊತ್ತು ದಾಟುತ್ತಿದ್ದಳು.'

ಸರಿ, ಮತ್ತೆ ಶುರು. ತಮ್ಮಯ್ಯನೇ ಕೂಗಿದ.
ಕೆಳಗೆ ಪಳಂಗಪ್ಪ ಎರಡೂ ಕಿವಿ ನೆಟ್ಟಗಿದ್ದವನು
ತುಟಿ ಹೊಲಿದು ನಿಂತ.
ಓ ಅಂದರೆ ಅಲ್ಲಿಯತನಕ ಜಮೀನು ಹೋಯಿತಲ್ಲ!
ಒಂದು ಹೆಜ್ಜೆ ಹಿಂದೆ ಸರಿದರೂ ಹೋಯಿತು.
ಕೂಗು ಮೂರು ಸಲ ಇಳಿಯಿತು,
ಮೂರು ಸಲವೂ ಗದ್ದೆಯ ನೀರಿಗೆ ಬಿತ್ತು.

ನಾಲ್ಕು ಗಂಟೆಗೆ ಮಂಜು ಇಳಿಯಿತು.
ಹಲಸು ಹೋಯಿತು, ಬೊಳಚಿ ಹೋದಳು,
ನನ್ನ ಕೈಯ ಸರಪಳಿ ನಾಲ್ಕು ಕೊಂಡಿಯಾಚೆ ಮುಗಿದುಹೋಯಿತು.
ಎಲ್ಲಿಂದಲೋ ತಮ್ಮಯ್ಯನ ಗಂಟಲು, ಕೇಸು ಮರೆತ ಗಂಟಲು:
'ಪಳಂಗಾ, ಚಿಕ್ಕಪ್ಪ ನಿನ್ನ ಹತ್ತಿರ ಇದ್ದಾರಾ?
ಆ ಕಡೆ ಇಳಿಜಾರು!'
'ಓ! ಕೈ ಹಿಡಿದುಕೊಂಡಿದ್ದೇನೆ!'

ಮೊಯ್ದು ಸದ್ದಿನ ಜಾಡು ಹಿಡಿದು ಹೋಗಿ
ಪಳಂಗಪ್ಪನ ಕಾಲ ಬಳಿ ಕಬ್ಬಿಣದ ಮೊಳೆ ನೆಟ್ಟ.
ಮಾರನೆಯ ದಿನ ಬಿಸಿಲಲ್ಲಿ ಅಳೆದೆವು,
ಹದಿನೇಳು ಸರಪಳಿ, ನಲವತ್ತು ಕೊಂಡಿ.
ಕೋರ್ಟು ಒಪ್ಪಿತೋ ಇಲ್ಲವೋ,
ಅಷ್ಟರಲ್ಲಿ ನನಗೆ ಸೋಮವಾರಪೇಟೆಗೆ ವರ್ಗ.

ಮೊಯ್ದು ಈಗ ಕುಟ್ಟದಲ್ಲಿ ಮಗಳ ಮನೆಯಲ್ಲಿದ್ದಾನೆ.
ಕಿಲೋಮೀಟರಿನ ಲೆಕ್ಕ ಬಸ್ಸಿನವರಿಗೆ ಗೊತ್ತು.
ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ.
ಹಲೋ ಅನ್ನುವುದಿಲ್ಲ ಅವನು.